ಐಬಿಎಂ ಎಸ್‌ವಿಸಿ: ಡೇಟಾಬೇಸ್ ನಿಲ್ಲಿಸದೆ ಸ್ಟೋರೇಜ್ ಬದಲಾಯಿಸಿದ್ದು

ಶುಕ್ರವಾರ ರಾತ್ರಿ 11 ಗಂಟೆಗೆ ನಮ್ಮ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಫೋನ್ ಮಾಡಿದರು. "ಸಾರ್, ನಮ್ಮ ಡಿಸ್ಕ್‌ಗಳು ಹೊಸ ಬಾಕ್ಸಿಗೆ ಯಾವಾಗ ಹೋಗೋದು? ನಾನು ಎಷ್ಟು ಹೊತ್ತಿಗೆ ಡೇಟಾಬೇಸ್ ನಿಲ್ಲಿಸಲಿ?" ನಿಲ್ಲಿಸಬೇಡಿ, ಬುಧವಾರವೇ ಶುರುವಾಗಿದೆ, ಈಗ 83 ಪರ್ಸೆಂಟ್ ಹೋಗಿದೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಮೂರು ದಿನದಿಂದ ಅವರ ಡೇಟಾಬೇಸ್‌ನ ಕೆಳಗಿನ ಡಿಸ್ಕಿನ ಡೇಟಾ ಒಂದು ಸ್ಟೋರೇಜ್ ಬಾಕ್ಸಿನಿಂದ (ಡಿಸ್ಕ್‌ಗಳು ತುಂಬಿದ ಪೆಟ್ಟಿಗೆ) ಇನ್ನೊಂದಕ್ಕೆ ಹೋಗುತ್ತಾ ಇತ್ತು, ಅವರಿಗೆ ಒಂದು ಎರರ್ ಕೂಡ ಬಂದಿರಲಿಲ್ಲ.

ಇದನ್ನು ಮಾಡಿಸಿದ್ದು ಐಬಿಎಂನ ಸ್ಯಾನ್ ವಾಲ್ಯೂಮ್ ಕಂಟ್ರೋಲರ್. ಸ್ಯಾನ್ ಅಂದರೆ ಸರ್ವರ್‌ಗಳನ್ನೂ ಸ್ಟೋರೇಜ್ ಬಾಕ್ಸ್‌ಗಳನ್ನೂ ಜೋಡಿಸುವ ಜಾಲ, ವಾಲ್ಯೂಮ್ ಅಂದರೆ ಸರ್ವರ್‌ಗೆ ಒಂದು ಡಿಸ್ಕಿನ ಹಾಗೆ ಕಾಣುವ ಜಾಗ. ನಾವೆಲ್ಲ ಎಸ್‌ವಿಸಿ ಅನ್ನುತ್ತೇವೆ. ಬೆಂಗಳೂರಿನ ಒಂದು ಡೇಟಾ ಸೆಂಟರ್‌ನಲ್ಲಿ ಹಲವು ವರ್ಷ ಇದನ್ನು ನೋಡಿಕೊಂಡಿದ್ದೇನೆ. ನಮ್ಮಲ್ಲಿದ್ದದ್ದು ಸಿಜಿ8 ಮಾದರಿ, ನಾಲ್ಕು ನೋಡ್. ಈಗಲೂ ಹಳೆಯ ಎಸ್‌ವಿಸಿ ಓಡಿಸುತ್ತಿರುವವರು, ಹೊಸದು ಕೊಳ್ಳಬೇಕು ಅಂತ ಯೋಚನೆ ಮಾಡುತ್ತಿರುವವರು ತುಂಬಾ ಜನ ಇದ್ದಾರೆ. ಕನ್ನಡದಲ್ಲಿ ಇದರ ಬಗ್ಗೆ ಬರೆದಿದ್ದು ನನಗೆ ಎಲ್ಲೂ ಸಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಎಸ್‌ವಿಸಿಯಲ್ಲಿ ಮಾಮೂಲಿಯಾಗಿ ಡೇಟಾ ಇಡುವ ಡಿಸ್ಕ್ ಇರುವುದಿಲ್ಲ. ನೋಡ್ ಅಂದರೆ ಲಿನಕ್ಸ್ ಓಡುವ ಒಂದು ಸರ್ವರ್, ಅಷ್ಟೇ. ಐಬಿಎಂನ ಅಲ್ಮಡೆನ್ ಲ್ಯಾಬಿನಲ್ಲಿ ಮಾಮೂಲಿ ಸರ್ವರ್ ಭಾಗಗಳಿಂದಲೇ ಸ್ಟೋರೇಜ್ ಕಂಟ್ರೋಲರ್ ಕಟ್ಟಬಹುದಾ ಅಂತ ನೋಡಲು ಕಂಪಾಸ್ ಎಂಬ ಪ್ರಾಜೆಕ್ಟ್ ನಡೆದಿತ್ತು. ಅದರಿಂದ ಹುಟ್ಟಿದ್ದು ಇದು. ಇಂಗ್ಲೆಂಡಿನ ಹರ್ಸ್ಲಿ ಲ್ಯಾಬಿನಲ್ಲಿ ಬೆಳೆದು 2003ರಲ್ಲಿ ಮಾರುಕಟ್ಟೆಗೆ ಬಂತು. ಕೂರುವ ಜಾಗ ಸರ್ವರ್‌ಗಳಿಗೂ ಸ್ಟೋರೇಜ್ ಬಾಕ್ಸ್‌ಗಳಿಗೂ ಮಧ್ಯೆ, ಫೈಬರ್ ಚಾನೆಲ್ ಸ್ವಿಚ್ಚಿಗೆ ತಗುಲಿಕೊಂಡು. ಸರ್ವರ್‌ಗೆ ಇದೇ ಡಿಸ್ಕ್. ಹಿಂದಿರುವ ಸ್ಟೋರೇಜ್ ಬಾಕ್ಸಿಗೆ ಇದೇ ಸರ್ವರ್. ಲಿನಕ್ಸ್ ಸರ್ವರ್‌ನಲ್ಲಿ ಮಲ್ಟಿಪಾತ್ (ಒಂದೇ ಡಿಸ್ಕಿಗೆ ಹೋಗುವ ಹಲವು ದಾರಿಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಕಮಾಂಡ್ ಕೊಟ್ಟು ನೋಡಿದರೆ ಡಿಸ್ಕಿನ ಹೆಸರು "ಐಬಿಎಂ 2145" ಅಂತ ಬರುತ್ತದೆ. ಹಿಂದೆ ಯಾವ ಕಂಪನಿಯ ಬಾಕ್ಸ್ ಇದೆ ಅಂತ ಸರ್ವರ್‌ಗೆ ಗೊತ್ತೇ ಆಗುವುದಿಲ್ಲ.

ಕಮಾಂಡ್ ಹೇಗೆ ಬದಲಾಗುತ್ತದೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ನನಗೆ ಇದು ತುಂಬಾ ಇಷ್ಟವಾದ ಭಾಗ. ಹಿಂದಿನ ಬಾಕ್ಸ್ ಕೊಟ್ಟ ಪ್ರತಿ ಲನ್‌ಗೂ (ಬಾಕ್ಸ್ ಒಂದು ಡಿಸ್ಕ್ ಅಂತ ಹೊರಗೆ ತೋರಿಸುವ ಜಾಗ) ಎಸ್‌ವಿಸಿ ಎಂಡಿಸ್ಕ್ ಅನ್ನುತ್ತದೆ. ಅದನ್ನು ಎಕ್ಸ್‌ಟೆಂಟ್ ಎಂಬ ಸಮಾನ ತುಂಡುಗಳಾಗಿ ಮಾಡುತ್ತದೆ. ಒಂದು ತುಂಡು 256 ಎಂಬಿ ಅಂತ ಇಟ್ಟುಕೊಳ್ಳಿ. 512 ಬೈಟಿನ ಬ್ಲಾಕ್ ಆದರೆ ಒಂದು ತುಂಡಿನಲ್ಲಿ 5,24,288 ಬ್ಲಾಕ್. ಈಗ ಸರ್ವರ್ "ನನ್ನ ಡಿಸ್ಕಿನ 6,00,000ನೇ ಬ್ಲಾಕಿನಿಂದ ಓದು" ಅಂತ ಸ್ಕಸಿ ಕಮಾಂಡ್ (ಡಿಸ್ಕಿಗೆ ಓದು, ಬರೆ ಅಂತ ಹೇಳುವ ಭಾಷೆ) ಕಳಿಸುತ್ತದೆ. ಅದು ಎರಡನೇ ತುಂಡಿನೊಳಗೆ 75,712ನೇ ಬ್ಲಾಕ್. ಎಸ್‌ವಿಸಿ ತನ್ನ ಪಟ್ಟಿ ತೆಗೆದು ನೋಡುತ್ತದೆ: ಈ ವಾಲ್ಯೂಮಿನ ಎರಡನೇ ತುಂಡು ಏಳನೇ ಎಂಡಿಸ್ಕಿನಲ್ಲಿದೆ, ಅದಕ್ಕೂ ಮೊದಲು ಅಲ್ಲಿ 210 ತುಂಡು ಇವೆ. ಆಗ ಹೊಸದೊಂದು ಸ್ಕಸಿ ಕಮಾಂಡ್ ತಯಾರು ಮಾಡಿ, ಏಳನೇ ಎಂಡಿಸ್ಕಿನ 11,01,76,192ನೇ ಬ್ಲಾಕಿನಿಂದ ಓದು ಅಂತ ಹಿಂದಿನ ಬಾಕ್ಸಿಗೆ ಕಳಿಸುತ್ತದೆ. ಹಳೇ ಕಾಲದ ಶಾನುಭೋಗರ ಪುಸ್ತಕದ ಹಾಗೆ, ಯಾವ ತುಂಡು ಎಲ್ಲಿದೆ ಅಂತ ಬರೆದಿರುವುದು ಅದರ ಹತ್ತಿರ ಮಾತ್ರ. ತುಂಡನ್ನು ಬೇರೆ ಬಾಕ್ಸಿಗೆ ಕಾಪಿ ಮಾಡಿ ಪುಸ್ತಕದಲ್ಲಿ ಆ ಒಂದು ಸಾಲು ತಿದ್ದಿದರೆ ಮುಗಿಯಿತು, ಸರ್ವರ್ ಎಂದಿನಂತೆ 6,00,000ನೇ ಬ್ಲಾಕನ್ನೇ ಕೇಳುತ್ತಿರುತ್ತದೆ. ಆ ಡಿಬಿಎ ಫೋನ್ ಮಾಡಿದ ರಾತ್ರಿ ನಡೆಯುತ್ತಿದ್ದದ್ದು ಇದೇ, ಒಂದೊಂದೇ ತುಂಡಾಗಿ.

ಬರೆಯುವಾಗಿನ ದಾರಿ ಬೇರೆ. ನೋಡ್‌ಗಳು ಯಾವಾಗಲೂ ಜೋಡಿ, ಒಂದು ಜೋಡಿಗೆ ಐಒ ಗ್ರೂಪ್ ಅಂತ ಹೆಸರು. ಸರ್ವರ್ ಕಳಿಸಿದ ಡೇಟಾ ಒಂದು ನೋಡ್‌ನ ಕ್ಯಾಶೆಗೆ (ವೇಗದ ಮೆಮೊರಿಗೆ) ಬಂದು, ಅಲ್ಲಿಂದ ಜೋಡಿ ನೋಡ್‌ಗೂ ಕಾಪಿ ಆದ ಮೇಲೆಯೇ ಸರ್ವರ್‌ಗೆ "ಆಯಿತು" ಅಂತ ಉತ್ತರ ಹೋಗುತ್ತದೆ. ಡಿಸ್ಕಿಗೆ ಇಳಿಸುವುದು ಆಮೇಲೆ, ನಿಧಾನವಾಗಿ. ಸಿಜಿ8ರಲ್ಲಿ ನೋಡ್‌ಗೆ 24 ಜಿಬಿ ಮೆಮೊರಿ. ಹಿಂದೆ ಹಳೆಯ, ನಿಧಾನದ ಬಾಕ್ಸ್ ಇದ್ದರೆ ಇದು ಮುಂದೆ ಕೂತ ಮೇಲೆ ಬರೆಯುವ ವೇಗ ಜಾಸ್ತಿಯಾದದ್ದು ಕಣ್ಣಿಗೆ ಕಾಣುತ್ತದೆ. ಓದುವಾಗ ಕ್ಯಾಶೆಯಲ್ಲಿ ಸಿಗದಿದ್ದರೆ ನಡುವೆ ಒಂದು ಮೆಟ್ಟಿಲು ಜಾಸ್ತಿ ಇರುತ್ತದೆ, ಆದರೆ ತಿರುಗುವ ಡಿಸ್ಕ್‌ಗಳ ಕಾಲದಲ್ಲಿ ನಮ್ಮ ಯಾವ ಬಳಕೆದಾರರೂ ಅದನ್ನು ಗುರುತಿಸಲಿಲ್ಲ. ಜೋಡಿಯಲ್ಲಿ ಒಂದು ನೋಡ್ ಬಿದ್ದರೆ ಇನ್ನೊಂದು ಕ್ಯಾಶೆ ನಂಬದೆ ನೇರ ಡಿಸ್ಕಿಗೆ ಬರೆಯಲು ಶುರು ಮಾಡುತ್ತದೆ. ಕೆಲಸ ನಿಲ್ಲುವುದಿಲ್ಲ, ವೇಗ ಇಳಿಯುತ್ತದೆ.

ನೋಡ್ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವಾಗಲೂ ಇದೇ ಜೋಡಿ ಕೆಲಸಕ್ಕೆ ಬರುತ್ತದೆ. ಅರ್ಧ ನೋಡ್‌ಗಳನ್ನು ಒಂದೊಂದಾಗಿ ಮುಗಿಸಿ, ಅದೇ ತಾನಾಗಿ 30 ನಿಮಿಷ ಸುಮ್ನೆ ಕಾಯುತ್ತದೆ. ಸರ್ವರ್‌ಗಳ ಮಲ್ಟಿಪಾತ್ ಹಳೆಯ ದಾರಿಗಳನ್ನು ಮತ್ತೆ ಹಿಡಿದುಕೊಳ್ಳಲಿ ಅಂತ. ಆಮೇಲೆ ಉಳಿದ ಅರ್ಧ. ಮೊದಲ ಸಲ ಆ 30 ನಿಮಿಷ ನನಗೆ ಒಂದು ರಾತ್ರಿಯಷ್ಟು ಉದ್ದ ಅನ್ನಿಸಿತ್ತು, ಯಾಕೆಂದರೆ ಒಂದು ಸರ್ವರ್‌ನಲ್ಲಿ ಮಲ್ಟಿಪಾತ್ ಸರಿಯಾಗಿ ಸೆಟ್ ಆಗಿರದೆ ಅರ್ಧ ದಾರಿ ಸತ್ತೇ ಇದ್ದವು, ಉಳಿದರ್ಧ ನೋಡ್ ರೀಬೂಟ್ ಆಗುವ ಮೊದಲು ನಾವು ಅದನ್ನು ಸರಿ ಮಾಡಬೇಕಿತ್ತು. ಮಾಡಿದೆವು. ಅದರ ನಂತರ ಪ್ರತಿ ಅಪ್‌ಗ್ರೇಡ್‌ಗೂ ಮೊದಲು ಎಲ್ಲಾ ಸರ್ವರ್‌ಗಳ ದಾರಿ ಎಣಿಸುವುದು ನಮ್ಮ ರೂಢಿಯಾಯಿತು.

ದಾರಿ ಅಂದೆನಲ್ಲ, ಜೋನಿಂಗ್ ಬಗ್ಗೆ, ಅಂದರೆ ಸ್ವಿಚ್ಚಿನಲ್ಲಿ ಯಾವ ಪೋರ್ಟಿಗೆ ಯಾವುದು ಕಾಣಬೇಕು ಅಂತ ನಿಗದಿ ಮಾಡುವುದರ ಬಗ್ಗೆ ಹೇಳಲೇಬೇಕು. ಎರಡು ಪೋರ್ಟಿನ ಸರ್ವರ್‌ಗೆ ಎರಡು ನೋಡ್‌ಗಳ ಎಲ್ಲಾ ಪೋರ್ಟ್ ತೆರೆದಿಟ್ಟರೆ ಒಂದು ವಾಲ್ಯೂಮಿಗೆ 8 ದಾರಿ ಆಗುತ್ತವೆ. ಅಷ್ಟು ಬೇಡ, 4 ಸಾಕು. ಜಾಸ್ತಿ ದಾರಿ ಇದ್ದರೆ ತೊಂದರೆಯಾದಾಗ ಸರ್ವರ್ ಚೇತರಿಸಿಕೊಳ್ಳುವುದೂ ತಡವಾಗುತ್ತದೆ. ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ: ಎಸ್‌ವಿಸಿಗೆ ಕೊಟ್ಟ ಲನ್ ಯಾವ ಸರ್ವರ್‌ಗೂ ನೇರವಾಗಿ ಕಾಣಬಾರದು. ಒಂದೇ ಡೇಟಾಗೆ ಸರ್ವರ್ ಎಸ್‌ವಿಸಿ ಮೂಲಕವೂ ನೇರವಾಗಿಯೂ ಬರೆದರೆ ಡೇಟಾ ಕೆಡುತ್ತದೆ, ಕೆಟ್ಟದ್ದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಹಳೆಯ ಡೇಟಾವನ್ನು ಎಸ್‌ವಿಸಿ ಕೆಳಗೆ ತರುವುದು ಹೇಗೆ? ಅದಕ್ಕೆ ಇಮೇಜ್ ಮೋಡ್ ಇದೆ. ಹಳೆಯ ಲನ್ ಹೇಗಿದೆಯೋ ಹಾಗೆಯೇ, ಒಂದು ಬೈಟ್ ಬದಲಾಯಿಸದೆ ಎಸ್‌ವಿಸಿ ಅದನ್ನು ವಾಲ್ಯೂಮಾಗಿ ತೋರಿಸುತ್ತದೆ. ಈ ಹಂತಕ್ಕೆ ಮಾತ್ರ ಸರ್ವರ್ ನಿಲ್ಲಿಸಬೇಕು. ಹಳೆಯ ಮ್ಯಾಪಿಂಗ್ (ಯಾವ ಲನ್ ಯಾವ ಸರ್ವರ್‌ಗೆ ಅಂತ ಕೊಟ್ಟದ್ದು) ತೆಗೆದು, ಜೋನ್ ಬದಲಾಯಿಸಿ, ಮಲ್ಟಿಪಾತ್ ಸರಿ ಮಾಡಿ, ಎಸ್‌ವಿಸಿಯಿಂದ ಮ್ಯಾಪ್ ಮಾಡಿ ಮತ್ತೆ ಬೂಟ್ ಮಾಡುವುದು. ನಮ್ಮ ಲಿನಕ್ಸ್ ಸರ್ವರ್‌ಗಳಲ್ಲಿ ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ಭಾಗ) ತನ್ನ ಗುರುತು ನೋಡಿ ಡಿಸ್ಕ್ ಹಿಡಿದುಕೊಂಡಿತು, ಫೈಲ್‌ಸಿಸ್ಟಮ್ ಹಾಗೇ ಮೌಂಟ್ ಆಯಿತು. ಆಮೇಲೆ ಸರ್ವರ್ ಓಡುತ್ತಿರುವಾಗಲೇ ಡೇಟಾ ಹೊಸ ಪೂಲಿಗೆ (ಹಲವು ಎಂಡಿಸ್ಕ್ ಸೇರಿಸಿ ಮಾಡಿದ ಗುಂಪಿಗೆ) ಹೋಗುತ್ತದೆ. ವೇಗಕ್ಕೆ 1ರಿಂದ 4ರ ತನಕ ಥ್ರೆಡ್ (ಒಟ್ಟಿಗೆ ನಡೆಯುವ ಕಾಪಿ ಕೆಲಸ) ಕೊಡಬಹುದು. ಹಗಲು ಹೊತ್ತು 1 ಕೊಡಿ. 4 ಕೊಟ್ಟು ನೋಡಿದ ದಿನ ಹಿಂದಿನ ಹಳೆಯ ಬಾಕ್ಸ್ ಏದುಸಿರು ಬಿಟ್ಟಿತ್ತು.

ಎಕ್ಸ್‌ಟೆಂಟ್ ಅಳತೆಯನ್ನು ಮೊದಲೇ ಯೋಚಿಸಿ. ಪೂಲ್ ಮಾಡುವಾಗ ಕೊಟ್ಟ ಅಳತೆ ಆಮೇಲೆ ಬದಲಾಗುವುದಿಲ್ಲ. ಒಂದು ಕ್ಲಸ್ಟರ್ (ಎಲ್ಲಾ ನೋಡ್ ಸೇರಿದ ಇಡೀ ಎಸ್‌ವಿಸಿ) ನೋಡಿಕೊಳ್ಳುವ ತುಂಡುಗಳಿಗೆ ಮಿತಿ ಇದೆ, ಸುಮಾರು 42 ಲಕ್ಷ. ಹಾಗಾಗಿ ಎಲ್ಲಾ ಪೂಲಿಗೂ 16 ಎಂಬಿ ಇಟ್ಟರೆ ಇಡೀ ಕ್ಲಸ್ಟರ್ 64 ಟಿಬಿಗೆ ನಿಂತುಬಿಡುತ್ತದೆ, 256 ಎಂಬಿ ಇಟ್ಟರೆ 1 ಪಿಬಿ. ಅಳತೆ ಬೇರೆಯಾದ ಎರಡು ಪೂಲ್‌ಗಳ ಮಧ್ಯೆ ಮಾಮೂಲಿ ಮೈಗ್ರೇಶನ್ ಆಗುವುದೂ ಇಲ್ಲ. ಅದಕ್ಕೆ ವಾಲ್ಯೂಮಿನ ಎರಡನೇ ಕಾಪಿ ಮಾಡಿ, ಎರಡೂ ಸಮ ಆದ ಮೇಲೆ ಹಳೆಯದನ್ನು ಅಳಿಸಬೇಕು. ಆಗುತ್ತದೆ, ಆದರೆ ಮೊದಲೇ ಒಂದೇ ಅಳತೆ ಇಟ್ಟಿದ್ದರೆ ಒಳ್ಳೆಯದಿತ್ತು ಅಲ್ವಾ.

ನಮಗೆ ಬಿದ್ದ ದೊಡ್ಡ ಪೆಟ್ಟು ಬೇರೆ ಕಡೆಯಿಂದ. ಜಾಗ ಉಳಿಸುವ ಆಸೆಯಲ್ಲಿ ಎರಡು ಬೇರೆ ಬೇರೆ ಬಾಕ್ಸ್‌ಗಳ ಎಂಡಿಸ್ಕ್‌ಗಳನ್ನು ಒಂದೇ ಪೂಲಿಗೆ ಹಾಕಿದ್ದೆವು. ವಾಲ್ಯೂಮಿನ ತುಂಡುಗಳು ಪೂಲಿನ ಎಲ್ಲಾ ಎಂಡಿಸ್ಕ್‌ಗಳ ಮೇಲೆ ಹರಡಿಕೊಳ್ಳುತ್ತವೆ, ವೇಗಕ್ಕೆ ಅದು ಒಳ್ಳೆಯದೇ. ಆದರೆ ಪೂಲಿನ ಒಂದು ಎಂಡಿಸ್ಕ್ ಆಫ್‌ಲೈನ್ ಆದರೂ ಇಡೀ ಪೂಲ್ ಆಫ್‌ಲೈನ್. ಒಂದು ಬೆಳಗಿನ ಜಾವ ಹಳೆಯ ಬಾಕ್ಸಿನ ಎರಡೂ ಕಂಟ್ರೋಲರ್ ಬಿದ್ದವು. ಅದು ಯಾವ ಕಂಪನಿಯದ್ದು ಅಂತ ಇಲ್ಲಿ ಹೇಳುವುದಿಲ್ಲ. ಚೆನ್ನಾಗಿದ್ದ ಇನ್ನೊಂದು ಬಾಕ್ಸಿನ ಮೇಲೆ ಅರ್ಧ ಡೇಟಾ ಇದ್ದರೂ ಆ ಪೂಲಿನ ಒಂದೇ ಒಂದು ವಾಲ್ಯೂಮ್ ಉಳಿಯಲಿಲ್ಲ. ಬಾಕ್ಸ್ ವಾಪಸ್ ಬಂದ ಮೇಲೆ ಎಲ್ಲವೂ ಬಂತು, ಡೇಟಾ ಹೋಗಲಿಲ್ಲ, ಆದರೆ ಆ ಬೆಳಗ್ಗೆ ಫೋನ್ ಎತ್ತಿ ಎತ್ತಿ ಸಾಕಾಯಿತು. ಒಂದು ಬಾಕ್ಸಿಗೆ ಒಂದು ಪೂಲ್ ಅಂತ ಕೈಪಿಡಿಯಲ್ಲಿ ಹೇಳಿದ್ದು ಸುಮ್ನೆ ಅಲ್ಲ. ಮುಂದಿನ ಎರಡು ವಾರ ಅದನ್ನೇ ಮಾಡಿದೆವು, ಅದೂ ಸರ್ವರ್ ನಿಲ್ಲಿಸದೆಯೇ.

ಹಳೆಯದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಯುಪಿಎಸ್ ನೋಡಿ ತೆಗೆದುಕೊಳ್ಳಿ. ಸಿಜಿ8ರಲ್ಲಿ ಪ್ರತಿ ನೋಡ್‌ಗೂ ತನ್ನದೇ ಒಂದು ಯುಪಿಎಸ್ ಬೇಕೇ ಬೇಕು, ಅಂದರೆ ನಾಲ್ಕು ನೋಡ್‌ಗೆ ರ‍್ಯಾಕಿನಲ್ಲಿ ನೋಡ್, ಯುಪಿಎಸ್ ಎರಡೂ ಸೇರಿ 8 ಯು (ಎತ್ತರದ ಅಳತೆ) ಜಾಗ. ಕರೆಂಟ್ ಹೋದಾಗ ಕ್ಯಾಶೆಯಲ್ಲಿರುವುದನ್ನು ಒಳಗಿನ ಡಿಸ್ಕಿಗೆ ಬರೆದು ಮಲಗುವಷ್ಟು ಹೊತ್ತು ಮಾತ್ರ ಅದು ಕರೆಂಟ್ ಕೊಡುತ್ತದೆ, ಕೆಲಸ ಮುಂದುವರಿಸಲು ಅಲ್ಲ. ನೋಡ್‌ನ ಪವರ್ ಕೇಬಲ್ ಒಂದು ಯುಪಿಎಸ್‌ಗೆ, ಸಿಗ್ನಲ್ ಕೇಬಲ್ ಪಕ್ಕದ ಯುಪಿಎಸ್‌ಗೆ ಹಾಕಿದರೆ ಕರೆಂಟ್ ಹೋದ ದಿನ ಅನಾಹುತ, ಹಾಗಾಗಿ ಕೇಬಲ್‌ಗಳಿಗೆ ಚೀಟಿ ಅಂಟಿಸಿ. 2014ರ ಡಿಎಚ್8 ಮಾದರಿಯಲ್ಲಿ ಬ್ಯಾಟರಿ ನೋಡ್ ಒಳಗೇ ಬಂತು, ಈ ತಾಪತ್ರಯ ಹೋಯಿತು. ಲೈಸೆನ್ಸ್ ಮಾತ್ರ ಡಿಸ್ಕ್ ಜಾಗದ ಲೆಕ್ಕದಲ್ಲಿ. ಹಿಂದೆ ಅಗ್ಗದ ಡಿಸ್ಕ್ ಹಾಕಿದರೂ ಆ ಲೆಕ್ಕ ಓಡುತ್ತಲೇ ಇರುತ್ತದೆ, ಬಜೆಟ್ ಹಾಕುವಾಗ ಮರೆಯಬೇಡಿ.

ಒಂದೇ ಸ್ಟೋರೇಜ್ ಬಾಕ್ಸ್ ಇರುವವರಿಗೆ ಇದು ಬೇಡ. ಇದೇ ಸಾಫ್ಟ್‌ವೇರ್ ಡಿಸ್ಕ್ ಸಮೇತ ಬೇಕಾದರೆ 2010ರಲ್ಲಿ ಬಂದ ಸ್ಟೋರ್‌ವೈಜ್ ವಿ7000 ಇತ್ತು, ಈಗ ಫ್ಲ್ಯಾಶ್‌ಸಿಸ್ಟಮ್ ಇದೆ. ಮೂರು ನಾಲ್ಕು ಕಂಪನಿಗಳ ಬಾಕ್ಸ್ ಇಟ್ಟುಕೊಂಡು, ಪ್ರತಿ ಕೆಲವು ವರ್ಷಕ್ಕೆ ಒಂದನ್ನು ತೆಗೆದು ಹಾಕುವ ಕಡೆ ಮಾತ್ರ ಎಸ್‌ವಿಸಿ ನಿಜವಾಗಿ ದುಡಿಯುತ್ತದೆ. ಅಂಥ ಕಡೆ ಕೊಂಡುಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ: ಯಾವ ತುಂಡು ಎಲ್ಲಿದೆ ಅನ್ನುವ ಪುಸ್ತಕ ಅದರ ಹತ್ತಿರ ಮಾತ್ರ ಇದ್ದರೆ, ನಾಳೆ ಎಸ್‌ವಿಸಿಯೇ ಬೇಡ ಅನ್ನಿಸಿದರೆ ನಮ್ಮ ಡೇಟಾ ಗತಿ ಏನು? ನಾವೂ ಇದೇ ಭಯದಲ್ಲಿದ್ದೆವು. ಅದಕ್ಕೇ ಮುಖ್ಯವಾದ ಯಾವ ವಾಲ್ಯೂಮನ್ನೂ ಒಳಗೆ ತರುವ ಮೊದಲು 200 ಜಿಬಿಯ ಒಂದು ಟೆಸ್ಟ್ ವಾಲ್ಯೂಮ್ ಮಾಡಿ, ನಾಲ್ಕು ಎಂಡಿಸ್ಕ್‌ಗಳ ಮೇಲೆ ಹರಡಿ, ಫೈಲ್ ತುಂಬಿಸಿದೆವು. ಆಮೇಲೆ ಅದನ್ನು ಮತ್ತೆ ಇಮೇಜ್ ಮೋಡಿಗೆ ತಂದು ಒಂದೇ ಲನ್ ಮೇಲೆ ಸಾಲಾಗಿ ಬರೆಸಿದೆವು, ಅದಕ್ಕೆ ಒಂದೇ ಕಮಾಂಡ್ ಸಾಕು. ಎಸ್‌ವಿಸಿಯಿಂದ ಆ ಲನ್ ಬಿಡಿಸಿ ಹಿಂದಿನ ಬಾಕ್ಸಿನಿಂದ ನೇರ ಸರ್ವರ್‌ಗೆ ಕೊಟ್ಟು, ಮೌಂಟ್ ಮಾಡಿ, ಚೆಕ್‌ಸಮ್ (ಫೈಲ್ ಬದಲಾಗಿದೆಯಾ ಅಂತ ತಿಳಿಸುವ ಅಂಕಿ) ಹೋಲಿಸಿದೆವು. ಎಲ್ಲಾ ಫೈಲ್ ಸರಿ ಇದ್ದವು. ಮಾರನೇ ದಿನ ಮೊದಲ ನಿಜವಾದ ಸರ್ವರನ್ನು ಒಳಗೆ ತಂದೆವು.