ಮೂರು ಮಳೆಗಾಲ ಪಿಡಿಬಿ ಜೊತೆ

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಜುಲೈನಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಇಲ್ಲಿ ಕೂತೇ ಮೂರು ವರ್ಷದಿಂದ ಪ್ರೋಟೀನ್ ಡೇಟಾ ಬ್ಯಾಂಕ್, ಅಂದರೆ ಪಿಡಿಬಿಯಲ್ಲಿ ಮೋಟಿಫ್ ಹುಡುಕುತ್ತಿದ್ದೇನೆ. ಪಿಡಿಬಿ ಅಂದರೆ ಪ್ರೋಟೀನ್‌ಗಳ ಮೂರು ಆಯಾಮದ ರಚನೆಗಳನ್ನು ಕೂಡಿಟ್ಟ ಆನ್‌ಲೈನ್ ಭಂಡಾರ; ಮೋಟಿಫ್ ಅಂದರೆ ಬೇರೆಬೇರೆ ಪ್ರೋಟೀನ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಸಣ್ಣ ಮಾದರಿ. ಡಿಗ್ರಿ ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುವವಳು ನಾನು. ದುಡ್ಡು ಕಟ್ಟಬೇಕಿಲ್ಲ, ಲಾಗಿನ್ ಬೇಕಿಲ್ಲ. 1971ರಲ್ಲಿ 7 ರಚನೆಗಳಿಂದ ಶುರುವಾದದ್ದು, ಈಗ 2 ಲಕ್ಷ ದಾಟಿದೆ.

ಮೊದಲು ಎಲ್ಲರೂ ಹಿಡಿಯುವುದು ಸೀಕ್ವೆನ್ಸ್ ಮೋಟಿಫ್ ಹುಡುಕಾಟವನ್ನೇ, ಅಂದರೆ ಪ್ರೋಟೀನ್ ಸರಪಳಿಯಲ್ಲಿ ಅಮೈನೋ ಆಮ್ಲಗಳು ಸಾಲಾಗಿ ಬರುವ ಕ್ರಮವನ್ನು ಹುಡುಕುವುದು. ಪ್ರೋಟೀನ್‌ಗೆ ಸಕ್ಕರೆ ಸರಪಳಿ ಅಂಟಿಕೊಳ್ಳುವ ಜಾಗದ ಮಾದರಿ ನೋಡಿ: ಒಂದು ಆಸ್ಪರಜೀನ್, ಆಮೇಲೆ ಪ್ರೋಲೀನ್ ಬಿಟ್ಟು ಯಾವುದಾದರೂ ಅಮೈನೋ ಆಮ್ಲ, ಆಮೇಲೆ ಸೆರೀನ್ ಅಥವಾ ಥ್ರಿಯೋನೀನ್. ಇಷ್ಟು ಸಣ್ಣ ಮಾದರಿ ಕೊಟ್ಟರೆ ರಾಶಿಗಟ್ಟಲೆ ಉತ್ತರ ಬಂದು ಬೀಳುತ್ತದೆ. ಅದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಅಂತ ನಾವೇ ಕೇರಬೇಕು.

ನನಗೆ ಇಷ್ಟವಾದದ್ದು ಸ್ಟ್ರಕ್ಚರ್ ಮೋಟಿಫ್. 2ರಿಂದ 10 ಅಮೈನೋ ಆಮ್ಲ ಆರಿಸಿ ಕೊಟ್ಟರೆ, ಅವು ಮೂರು ಆಯಾಮದಲ್ಲಿ ಹಾಗೇ ಜೋಡಿಸಿಕೊಂಡು ಕೂತಿರುವ ಬೇರೆ ಪ್ರೋಟೀನ್‌ಗಳನ್ನು ತರುತ್ತದೆ. ಸಾಲಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕವಿಲ್ಲ. ಪ್ರೋಟೀನ್ ಕತ್ತರಿಸುವ ಎರಡು ಕಿಣ್ವಗಳನ್ನು ನೋಡಿ; ಸಂಖ್ಯೆ ಅಂದರೆ ಸಾಲಿನಲ್ಲಿ ಆ ಆಮ್ಲದ ಸ್ಥಾನ. ಕೈಮೊಟ್ರಿಪ್ಸಿನ್‌ನಲ್ಲಿ ಹಿಸ್ಟಿಡೀನ್ 57, ಆಸ್ಪಾರ್ಟೇಟ್ 102, ಸೆರೀನ್ 195. ಸಬ್ಟಿಲಿಸಿನ್‌ನಲ್ಲಿ ಆಸ್ಪಾರ್ಟೇಟ್ 32, ಹಿಸ್ಟಿಡೀನ್ 64, ಸೆರೀನ್ 221. ಕ್ರಮವೇ ಬೇರೆ, ಪ್ರೋಟೀನ್ ಮಡಚಿಕೊಂಡ ರೀತಿಯೂ ಬೇರೆ, ಕೆಲಸ ಮಾತ್ರ ಒಂದೇ. ಸಾಲು ಹೋಲಿಸುತ್ತಾ ಕೂತರೆ ಈ ನಂಟು ಕಣ್ಣಿಗೇ ಬೀಳುವುದಿಲ್ಲ.

ಒಂದು ಕಡೆ ಎಲ್ಲರೂ ಎಡವುತ್ತಾರೆ. ನನ್ನ ವಿದ್ಯಾರ್ಥಿನಿ 4ಸಿಎಚ್‌ಎ (ಪಿಡಿಬಿಯಲ್ಲಿ ಕೈಮೊಟ್ರಿಪ್ಸಿನ್‌ನ ಒಂದು ರಚನೆಯ ಗುರುತು) ತೆಗೆದು, ಪಠ್ಯದಲ್ಲಿದ್ದ 57, 102, 195 ಅನ್ನೇ ತುಂಬಿದಳು. ಏನೂ ಸಿಗಲಿಲ್ಲ. ‘ಮ್ಯಾಮ್, ಪುಸ್ತಕವೇ ತಪ್ಪಾ?’ ಅಂತ ಕೇಳಿದಳು. ನಾನೂ ಎರಡು ದಿನ ತಲೆ ಕೆರೆದುಕೊಂಡೆ. ಪುಸ್ತಕ ಸರಿಯೇ ಇತ್ತು, ತಪ್ಪು ನಮ್ಮದು. ರಚನೆಯನ್ನು ಪ್ರಯೋಗದಿಂದ ಕಂಡುಹಿಡಿದವರ ಎಣಿಕೆ ಒಂದು, ಪ್ರತಿ ಸರಪಳಿಯನ್ನೂ 1ರಿಂದ ಎಣಿಸುವ ಪಿಡಿಬಿ ಎಣಿಕೆ ಇನ್ನೊಂದು. ಹುಡುಕಾಟ ಕೇಳುವುದು ಈ ಎರಡನೆಯದನ್ನೇ. ಅದರಲ್ಲಿ ಇವು ಬಿ ಸರಪಳಿಯ 42, 87 ಮತ್ತು ಸಿ ಸರಪಳಿಯ 47. ಈಗ ನಾನು ನಂಬರ್ ಟೈಪ್ ಮಾಡುವುದನ್ನೇ ಬಿಟ್ಟಿದ್ದೇನೆ. ಮೂರು ಆಯಾಮದ ಚಿತ್ರ ತೆರೆದು, ಬೇಕಾದ ಆಮ್ಲಗಳ ಮೇಲೆ ಕ್ಲಿಕ್ ಮಾಡಿ ಅಲ್ಲಿಂದಲೇ ಹುಡುಕಾಟಕ್ಕೆ ಕಳಿಸುತ್ತೇನೆ.

ಕೊಡಗಿನವರಿಗೆ ಖುಷಿಯ ವಿಷಯವೊಂದಿದೆ. ರೊಬಸ್ಟಾ ಗಿಡದ ಎರಡು ಕಿಣ್ವಗಳ ರಚನೆ ಇಲ್ಲಿದೆ, 2ಇಎಫ್‌ಜೆ ಮತ್ತು 2ಇಜಿ5. ಕೆಫೀನ್ ತಯಾರಾಗುವ ದಾರಿಯಲ್ಲಿ 2ಇಜಿ5 ಮೊದಲ ಮೀಥೈಲ್ ಸೇರಿಸುವ ಹೆಜ್ಜೆಯದು, 2ಇಎಫ್‌ಜೆ ಕೊನೆಯ ಹೆಜ್ಜೆಯದು. 2ಇಎಫ್‌ಜೆ ತೆರೆದರೆ ಕಿಣ್ವದ ಗುಳಿಯೊಳಗೆ ಥಿಯೋಬ್ರೋಮಿನ್ ಅಣು ಕೂತಿರುವುದು ಕಾಣುತ್ತದೆ. ಅದಕ್ಕೆ ಇನ್ನೊಂದು ಮೀಥೈಲ್ ಸೇರಿದರೆ ಕೆಫೀನ್. 2ಇಜಿ5ರಲ್ಲಿ ಗ್ಲುಟಮಿನ್ 161 ಇರುವ ಕಡೆ 2ಇಎಫ್‌ಜೆಯಲ್ಲಿ ಹಿಸ್ಟಿಡೀನ್ 160 ಇದೆ. ಬೈಂಡಿಂಗ್ ಸೈಟ್, ಅಂದರೆ ಅಣು ಬಂದು ಕೂರುವ ಜಾಗ ಏನು ಅಂತ ಕ್ಲಾಸಿನಲ್ಲಿ ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಆಲ್ಫಾಫೋಲ್ಡ್ ಮಾದರಿಗಳನ್ನೂ ಸೇರಿಸಿ ಹುಡುಕಬಹುದು. ಆದರೆ ಅವು ಕಂಪ್ಯೂಟರ್ ಊಹಿಸಿದ ಆಕಾರಗಳು, ಗುಳಿ ಖಾಲಿ. ಯಾವ ಅಣು ಬಂದು ಕೂರುತ್ತದೆ ಅಂತ ಅವು ಹೇಳುವುದಿಲ್ಲ. ಹಾಗಾಗಿ ನಾನು ಮೊದಲ ಸುತ್ತಿನಲ್ಲಿ ಪ್ರಯೋಗದ ರಚನೆಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಆರ್‌ಎಂಎಸ್‌ಡಿ, ಅಂದರೆ ಎರಡು ಆಕಾರಗಳ ನಡುವಿನ ವ್ಯತ್ಯಾಸದ ಅಳತೆ, ಕಡಿಮೆ ಬಂತು ಅಂತ ಕುಣಿಯುವುದೂ ಬೇಡ. ಆಕಾರ ಹೊಂದಿತು ಅಂದರೆ ಕೆಲಸವೂ ಅದೇ ಅಂತಲ್ಲ, ಅಲ್ವಾ?

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮೊನ್ನೆ ಅಪ್ಪ ಕಣದಿಂದ ಬಂದು ಸ್ಕ್ರೀನ್‌ನಲ್ಲಿ 2ಇಎಫ್‌ಜೆ ತಿರುಗುವುದನ್ನು ನೋಡಿ, ‘ಇದು ನಮ್ಮ ಕಾಫಿಯದ್ದಾ? ಇದರಿಂದ ಕಾಯಿಕೊರಕ ಹೋಗ್ತದಾ?’ ಅಂದರು. ಇಲ್ಲಪ್ಪ ಅಂದೆ. ‘ಹಂಗಾದ್ರೆ ಲೈಟ್ ಆರ್ಸು, ಇನ್ವರ್ಟರ್ ಚಾರ್ಜ್ ಹೋಗ್ತದೆ’ ಅಂದರು.