ಏಳು ವರ್ಷ, ಐವರು ಆಟಗಾರರು, ಒಂದೇ ಪುಸ್ತಕ: 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಬೆಲೆಯ ಲೆಕ್ಕ

ನಮ್ಮ ಮನೆಯ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಪ್ರತಿಯನ್ನು ಬೆನ್ನಿನ ಮೇಲೆ ನಿಲ್ಲಿಸಿ ಕೈಬಿಟ್ಟರೆ ಅದು ತಾನಾಗಿಯೇ 241ನೆಯ ಪುಟಕ್ಕೆ ತೆರೆದುಕೊಳ್ಳುತ್ತದೆ. 'ಫೈರ್‌ಬಾಲ್' ಮಂತ್ರ ಇರುವ ಪುಟ ಅದು. ಪುಸ್ತಕ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ನಿಯಮಗಳದು; ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಸಾಹಸದ ಕಥೆ ಕಟ್ಟುವ ಆಟ. ಆ ಮಂತ್ರಕ್ಕೆ ಆರು ಮುಖದ ಎಂಟು ದಾಳಗಳನ್ನು ಉರುಳಿಸಬೇಕು ಎಂಬುದು ಎಲ್ಲರಿಗೂ ಬಾಯಿಪಾಠವಾಗಿದೆ. ಆದರೂ ಇಪ್ಪತ್ತು ಅಡಿ ತ್ರಿಜ್ಯದ ಆ ಬೆಂಕಿಯೊಳಗೆ ನಮ್ಮವರೇ ಯಾರಾದರೂ ಸಿಕ್ಕಿಬೀಳುತ್ತಾರೆಯೇ ಎಂದು ನೋಡಲು ಪ್ರತಿ ಸಲವೂ ಯಾರಾದರೊಬ್ಬರು ಪುಟ ತೆರೆಯುತ್ತಾರೆ.

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಐದನೆಯ ಆವೃತ್ತಿಯ ನಿಯಮಗಳು, ಚಿತ್ರಗಳ ಗುಣಮಟ್ಟ, ಯಾವ ಕ್ಲಾಸ್ (ಯೋಧ, ಮಂತ್ರವಾದಿ ಮುಂತಾದ ಪಾತ್ರವರ್ಗ) ಬಲಶಾಲಿ ಎಂಬುದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಬರೆಯಲು ಕುಳಿತಿರುವುದು ಬೆಲೆಯ ಬಗ್ಗೆ. ಏಳು ವರ್ಷ ಬಳಸಿದ ಮೇಲೆ ಅದರ ಬಗ್ಗೆ ನನ್ನ ಅಭಿಪ್ರಾಯ ಎರಡು ಸಲ ಬದಲಾಗಿದೆ.

2018ರ ಜನವರಿಯಲ್ಲಿ ಈ ಪುಸ್ತಕಕ್ಕೆ ನಾನು ಕೊಟ್ಟದ್ದು 2,840 ರೂಪಾಯಿ. ಮೈಸೂರಿನಲ್ಲಿ ಬ್ಯಾಂಕ್ ಗುಮಾಸ್ತನಾಗಿರುವ ನನಗೆ ಅದು ಸಣ್ಣ ಮೊತ್ತವಲ್ಲ. ಕನ್ನಡದ ಕಾದಂಬರಿಗಳನ್ನು ಇನ್ನೂರು, ಮುನ್ನೂರು ರೂಪಾಯಿಗೆ ಕೊಂಡು ಓದುವವನು ಒಂದು ಆಟದ ಪುಸ್ತಕಕ್ಕೆ ಅಷ್ಟು ಹಣ ತೆತ್ತೆನಲ್ಲ ಎಂದು ಒಂದು ವಾರ ಮನಸ್ಸಿಗೆ ಚುರುಚುರು ಅನ್ನಿಸುತ್ತಿತ್ತು. ಪುಸ್ತಕ ಬಂದ ದಿನವೇ ಅದಕ್ಕೆ ಖಾಕಿ ಕಾಗದದ ಬೈಂಡ್ ಹಾಕಿದೆ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ಅಪ್ಪ ಹಾಕಿಕೊಡುತ್ತಿದ್ದ ಹಾಗೆಯೇ, ಮೂಲೆಗಳನ್ನು ಒಳಕ್ಕೆ ಎರಡು ಸಲ ಮಡಚಿ, ಮೇಲೆ ಚೀಟಿ ಅಂಟಿಸಿ. ಆ ಬೈಂಡ್ ಇದುವರೆಗೆ ಮೂರು ಸಲ ಬದಲಾಗಿದೆ. ಒಳಗಿನ ರಟ್ಟು ಇವತ್ತಿಗೂ ಹೊಸದರಂತಿದೆ.

ಶನಿವಾರ ಸಂಜೆ ಆಟಕ್ಕೆ ಮುಂಚೆ ನಮ್ಮದೊಂದು ಕ್ರಮವಿದೆ. ಊಟದ ಮೇಜನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸುತ್ತೇವೆ. ಚುರುಮುರಿಯ ಬಟ್ಟಲು ಪಕ್ಕದ ಸ್ಟೂಲಿನ ಮೇಲೆ ಇರಬೇಕು, ಮೇಜಿನ ಮೇಲಲ್ಲ. ಕೈ ತೊಳೆದು ಒರೆಸಿಕೊಂಡವರು ಮಾತ್ರ ಪುಸ್ತಕ ಮುಟ್ಟಬಹುದು. ಅದರೊಳಗೆ ಐದು ಗುರುತುಪಟ್ಟಿಗಳಿವೆ. ಎಲ್ಲವೂ ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಿದವು, ಒಬ್ಬೊಬ್ಬರದು ಒಂದೊಂದು ಬಣ್ಣ. ಯಾರ ಪಾತ್ರ ಹೊಸ ಮಟ್ಟಕ್ಕೆ ಏರಿದೆಯೋ ಅವರಿಗೆ ಆ ಸಂಜೆ ಪುಸ್ತಕ ಮೊದಲು. ಉಳಿದವರು ಕಾಯಬೇಕು.

ಆಟದ ದಿನಚರಿಗೆಂದು ಇಟ್ಟಿರುವ ನೋಟ್‌ಬುಕ್ಕಿನಲ್ಲಿ ಇದುವರೆಗೆ 162 ಸಂಜೆಗಳ ದಾಖಲೆಯಿದೆ. 2,840ನ್ನು 162ರಿಂದ ಭಾಗಿಸಿದರೆ ಒಂದು ಸಂಜೆಗೆ ಹದಿನೇಳೂವರೆ ರೂಪಾಯಿ ಬೀಳುತ್ತದೆ. ನಾಲ್ಕು ಗಂಟೆಯ ಆಟ, ಐದು ಜನ. ಈ ಲೆಕ್ಕ ಮೊದಲ ಸಲ ಹಾಕಿದಾಗ ಕೊಂಡ ದಿನದ ಸಂಕಟವೆಲ್ಲ ಇಳಿದುಹೋಯಿತು. ಇಷ್ಟು ಕಡಿಮೆ ಹಣಕ್ಕೆ ಇಷ್ಟು ಸಂತೋಷ ಕೊಟ್ಟ ವಸ್ತು ನಮ್ಮ ಮನೆಯಲ್ಲಿ ಬೇರೊಂದಿಲ್ಲ.

ಪ್ರಕಾಶಕರು ದುರಾಸೆಯವರೆಂದು ಬೈಯುವವರ ಜೊತೆಗೂ ನಾನಿಲ್ಲ. 1974ರಲ್ಲಿ ಈ ಆಟ ಮೊದಲು ಬಂದಾಗ ಮೂರು ತೆಳು ಪುಸ್ತಿಕೆಗಳಿದ್ದ ಒಂದು ಪೆಟ್ಟಿಗೆಗೆ ಹತ್ತು ಡಾಲರ್ ಇತ್ತು. ಅಮೆರಿಕದ ಬೆಲೆಯೇರಿಕೆಯನ್ನು ಸೇರಿಸಿ ನೋಡಿದರೆ ಅದು 2024ರ ಅರವತ್ತು ಡಾಲರಿಗೂ ಹೆಚ್ಚು. 2014ರ ಹ್ಯಾಂಡ್‌ಬುಕ್ಕಿನಲ್ಲಿ ಗಟ್ಟಿ ರಟ್ಟಿನ ನಡುವೆ 320 ಬಣ್ಣದ ಪುಟಗಳಿವೆ, ಬೆಲೆ 49.95 ಡಾಲರ್. 2024ರ ಪರಿಷ್ಕೃತ ಪುಸ್ತಕ 384 ಪುಟ, 49.99 ಡಾಲರ್. ಹತ್ತು ವರ್ಷದಲ್ಲಿ ನಾಲ್ಕು ಸೆಂಟ್ ಏರಿದೆ. ಬರೆಯುವವರು, ಚಿತ್ರ ಬಿಡಿಸುವವರು, ಕರಡು ತಿದ್ದುವವರು, ನಿಯಮಗಳನ್ನು ತಿಂಗಳುಗಟ್ಟಲೆ ಆಡಿ ಪರೀಕ್ಷಿಸುವವರು, ಇವರೆಲ್ಲರ ಕೂಲಿ ಅದರಲ್ಲೇ ಹುಟ್ಟಬೇಕು. ಅಮೆರಿಕದಲ್ಲಿ ಸಂಬಳ ತೆಗೆದುಕೊಳ್ಳುವವರಿಗೆ ಅದು ನ್ಯಾಯವಾದ ಬೆಲೆಯೇ ಸರಿ.

ಆದರೆ 2014ರಲ್ಲಿ ಡಾಲರಿಗೆ ಅರವತ್ತೊಂದು ರೂಪಾಯಿಯಷ್ಟಿತ್ತು, 2024ರಲ್ಲಿ ಎಂಬತ್ನಾಲ್ಕರ ಹತ್ತಿರ ಬಂತು. ಅಲ್ಲಿ ನಾಲ್ಕು ಸೆಂಟ್ ಏರಿದ ಬೆಲೆ ಇಲ್ಲಿ ಸಾವಿರಕ್ಕೂ ಹೆಚ್ಚು ರೂಪಾಯಿ ಏರಿತು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ನಿಜ, ಆದರೆ 2019ರ ಬಜೆಟ್‌ನಲ್ಲಿ ಆಮದು ಪುಸ್ತಕಗಳ ಮೇಲೆ ಶೇಕಡಾ 5ರ ಸುಂಕ ಬಂತು. ಅದರ ಮೇಲೆ ಸಾಗಣೆ, ಮಾರುವವರ ಲಾಭ. ಅದೂ ಒಂದು ಪುಸ್ತಕಕ್ಕೆ. ಆಟ ನಡೆಸುವವರಿಗೆ 'ಡಂಜನ್ ಮಾಸ್ಟರ್ಸ್ ಗೈಡ್', 'ಮಾನ್‌ಸ್ಟರ್ ಮ್ಯಾನ್ಯುವಲ್' ಬೇರೆ ಬೇಕು.

ಇಷ್ಟಾದರೂ ನನ್ನ ಹದಿನೇಳೂವರೆ ರೂಪಾಯಿಯ ಲೆಕ್ಕದಲ್ಲಿ ನಾನು ನೆಮ್ಮದಿಯಾಗಿದ್ದೆ. 2022ರಲ್ಲಿ ಅಕ್ಕನ ಮಗಳು ನಮ್ಮ ಮೇಜಿಗೆ ಬಂದು ಕುಳಿತ ಮೇಲೆ ಆ ನೆಮ್ಮದಿ ಹೋಯಿತು.

ಆಗ ಅವಳು ಪಿಯುಸಿ ಮೊದಲ ವರ್ಷ. ವಿಝರ್ಡ್, ಅಂದರೆ ಮಂತ್ರವಾದಿಯ ಪಾತ್ರ ಆರಿಸಿಕೊಂಡಳು. ಮಂತ್ರಗಳ ವಿವರಣೆ ಎಂಬತ್ತು ಪುಟಗಳಷ್ಟಿದೆ, ವಿಝರ್ಡ್ ಆಡುವವರು ಅದರಲ್ಲಿ ಬಹುಪಾಲು ಓದಿರಬೇಕು. "ಮಾಮ, ಪುಸ್ತಕ ಒಂದು ವಾರ ಇಟ್ಟುಕೊಳ್ಳಲೇ?" ಎಂದು ಕೇಳಿದಳು. ಮುಂದಿನ ಶನಿವಾರಕ್ಕೆ ಬೇರೆಯವರಿಗೆ ಬೇಕಿತ್ತು, ಕೊಡಲಾಗಲಿಲ್ಲ. ಅವಳು ಆಟಕ್ಕೆ ಒಂದು ಗಂಟೆ ಮುಂಚೆ ಬರತೊಡಗಿದಳು. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ ತಂದು, ಅಡುಗೆಮನೆಯ ಬಾಗಿಲ ಬಳಿ ಚಾಪೆ ಹಾಸಿಕೊಂಡು, ಒಂದೊಂದೇ ಮಂತ್ರವನ್ನು ಇಂಗ್ಲಿಷಿನಲ್ಲಿ ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಮಂತ್ರದ ಹೆಸರಿಗೆ ಕೆಂಪು ಶಾಯಿ, ಉಳಿದದ್ದಕ್ಕೆ ನೀಲಿ. ಆಟದ ನಿಯಮದಲ್ಲೂ ವಿಝರ್ಡ್ ಹೀಗೆಯೇ ಹೊಸ ಮಂತ್ರಗಳನ್ನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಳ್ಳಬೇಕು, ಮಂತ್ರದ ಮಟ್ಟವೊಂದಕ್ಕೆ ಎರಡು ಗಂಟೆ ಮತ್ತು ಐವತ್ತು ಚಿನ್ನದ ನಾಣ್ಯ ವ್ಯಯಿಸಿ. ಅವಳ ಬೆರಳಿನ ಶಾಯಿ ನೋಡಿದ ದಿನ ನನಗೆ ಗೊತ್ತಾಯಿತು, ನಾನು ಹಾಕಿದ್ದ ಲೆಕ್ಕ ಪುಸ್ತಕ ಯಾರದೋ ಅವರ ಲೆಕ್ಕ ಮಾತ್ರ. ಮೇಜಿನ ಸುತ್ತ ಕುಳಿತ ಉಳಿದ ನಾಲ್ವರಿಗೆ ಈ ಬೆಲೆ ಯಾವತ್ತೂ ಎಟುಕಿರಲೇ ಇಲ್ಲ.

ಆ ವರ್ಷದ ಕೊನೆಯಲ್ಲಿ ಅವಳ ಹುಟ್ಟುಹಬ್ಬಕ್ಕೆಂದು ಆನ್‌ಲೈನಿನಲ್ಲಿ 1,650 ರೂಪಾಯಿಗೆ ಸಿಕ್ಕ ಪ್ರತಿಯೊಂದನ್ನು ತರಿಸಿದೆ. ಪೊಟ್ಟಣ ಬಿಚ್ಚಿದ ಕೂಡಲೇ ಗೋಂದಿನ ವಾಸನೆ ಬಂತು. ಮುಖಪುಟದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಒಳಗಿನ ಅಕ್ಷರಗಳ ಅಂಚು ಮಸುಕಾಗಿತ್ತು, ಎರಡು ಕಡೆ ಸಾಲುಗಳು ಬೆನ್ನಿನ ಮಡಿಕೆಯೊಳಗೆ ಹೂತುಹೋಗಿದ್ದವು. ಕಳ್ಳ ಮುದ್ರಣ. ಮಾರಿದವರಿಗೆ ಹಿಂತಿರುಗಿಸಿ ಹಣ ಪಡೆಯುವಷ್ಟರಲ್ಲಿ ಮೂರು ವಾರವಾಯಿತು, ಹುಟ್ಟುಹಬ್ಬ ಕಳೆದೇಹೋಗಿತ್ತು. ಮೋಸ ಮಾಡಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಜನ ಆಸೆಪಡುವ ವಸ್ತುವಿನ ಬೆಲೆ ಅವರ ಕೈಗೆ ಎಟುಕದಿದ್ದಾಗ, ನಡುವೆ ಇಂಥವರೇ ಬಂದು ಅಂಗಡಿ ತೆರೆಯುತ್ತಾರೆ.

2023ರ ಜನವರಿಯಲ್ಲಿ, ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಅವಕಾಶ ಕೊಟ್ಟಿದ್ದ ಹಳೆಯ ಪರವಾನಗಿಯನ್ನು ಬದಲಿಸುವ ಪ್ರಯತ್ನಕ್ಕೆ ಆಟಗಾರರಿಂದ ಭಾರಿ ವಿರೋಧ ಬಂದ ಮೇಲೆ, ಪ್ರಕಾಶಕರು ನಿಯಮಗಳ ತಿರುಳಾದ 'ಎಸ್‌ಆರ್‌ಡಿ 5.1' ಎಂಬ 403 ಪುಟದ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅದರ ಪ್ರತಿ ತೆಗೆಯಬಹುದು, ಅನುವಾದಿಸಬಹುದು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಾವಿಬ್ಬರೂ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆವು.

"ಎರಡೂ ಕಡೆ ಹಾಕಲೇ ಸಾರ್?" ಎಂದು ಕೇಳಿ ಅಂಗಡಿಯವರು ಮುದ್ರಣ ಶುರು ಮಾಡಿದರು. ಕಾಗದ ಬಿಸಿಬಿಸಿಯಾಗಿ ಬಂದು ಬೀಳುತ್ತಿತ್ತು. ಅವಳು ಒಂದೊಂದು ಹಿಡಿ ತೆಗೆದು ಮೇಜಿಗೆ ಕುಟ್ಟಿ ಅಂಚು ಸರಿಮಾಡಿ ಜೋಡಿಸುತ್ತಿದ್ದಳು. ಎರಡು ಸಂಪುಟ, ಮುಂದೆ ಪಾರದರ್ಶಕ ಹಾಳೆ, ಹಿಂದೆ ನೀಲಿ ರಟ್ಟು, ಸ್ಪೈರಲ್ ಬೈಂಡಿಂಗ್. ಪುಟಕ್ಕೆ ಒಂದು ರೂಪಾಯಿಯಂತೆ 403, ಬೈಂಡಿಂಗಿಗೆ 140, ಒಟ್ಟು 543 ರೂಪಾಯಿ. ಹ್ಯಾಂಡ್‌ಬುಕ್ಕಿನ ಜೊತೆಗೆ ಬೇರೆ ಪುಸ್ತಕಗಳಲ್ಲಿ ಕೊಳ್ಳಬೇಕಾದ ರಾಕ್ಷಸಪ್ರಾಣಿಗಳೂ ಮಾಯಾವಸ್ತುಗಳೂ ಬಹಳಷ್ಟು ಇದರಲ್ಲೇ ಇವೆ. ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಎರಡೂ ಸಂಪುಟಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮೇಲೆ ಕೈ ಇಟ್ಟಿದ್ದಳು. ಈಗ ಅವುಗಳ ಅಂಚಿನಲ್ಲೆಲ್ಲ ಪೆನ್ಸಿಲಿನ ಕನ್ನಡ ಟಿಪ್ಪಣಿಗಳಿವೆ. ನನ್ನ ದುಬಾರಿ ಪುಸ್ತಕದಲ್ಲಿ ಒಂದು ಗೆರೆ ಎಳೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ.

ಆ 543 ರೂಪಾಯಿಯ ಪ್ರತಿ ಹ್ಯಾಂಡ್‌ಬುಕ್ಕಿಗೆ ಸಮವಲ್ಲ. ಚಿತ್ರಗಳಿಲ್ಲ. ಪ್ರತಿ ಕ್ಲಾಸ್‌ಗೆ ಒಂದೇ ಉಪಶಾಖೆ, ಪಾತ್ರದ ಪೂರ್ವವೃತ್ತಾಂತವೂ ಒಂದೇ. ಅವಳ ವಿಝರ್ಡ್ ಭ್ರಮೆಗಳನ್ನು ಸೃಷ್ಟಿಸುವವಳು. ಆ ಶಾಖೆಯ ನಿಯಮಗಳು ಎಸ್‌ಆರ್‌ಡಿಯಲ್ಲಿ ಇಲ್ಲ, ಅದಕ್ಕಾಗಿ ಈಗಲೂ ನನ್ನ ಪುಸ್ತಕಕ್ಕೇ ಬರಬೇಕು. ಚಿತ್ರಗಳನ್ನು ನೋಡಿ ಪಾತ್ರವನ್ನು ಕಣ್ಣೆದುರು ತಂದುಕೊಳ್ಳುವ ಸುಖವೂ ಹ್ಯಾಂಡ್‌ಬುಕ್ಕಿನದೇ. ಅದಕ್ಕಾಗಿ ಹೆಚ್ಚು ಹಣ ಕೊಡಲು ನಾನು ಸಿದ್ಧನಿದ್ದೇನೆ, ಕೊಟ್ಟೂ ಇದ್ದೇನೆ.

'ಬೇಸಿಕ್ ಫ್ಯಾಂಟಸಿ' ಎಂಬ ಇನ್ನೊಂದು ಆಟವಿದೆ. ಅದರ ಪಿಡಿಎಫ್ ಪೂರ್ತಿ ಉಚಿತ, ಮುದ್ರಿತ ಪುಸ್ತಕ ಹೆಚ್ಚುಕಡಿಮೆ ಅಚ್ಚಿನ ಖರ್ಚಿಗೇ ಸಿಗುತ್ತದೆ. ಆ ತಂಡದ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ಎಲ್ಲರೂ ಹಾಗೆ ಮಾಡಲಿ ಎಂದು ಕೇಳುವುದು ಸರಿಯಲ್ಲ, ಬರೆದು ಬದುಕುವವರೂ ಇದ್ದಾರೆ.

ನಾನು ಕೇಳುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ವ್ಯವಸ್ಥೆಯನ್ನೇ. ಎಂಜಿನಿಯರಿಂಗ್ ಓದಿದ ಯಾರ ಮನೆಯ ಅಟ್ಟ ನೋಡಿದರೂ ಪ್ರೆಂಟಿಸ್ ಹಾಲ್ ಆಫ್ ಇಂಡಿಯಾದ 'ಈಸ್ಟರ್ನ್ ಎಕಾನಮಿ ಎಡಿಷನ್' ಎಂದು ಅಚ್ಚಾದ ಒಂದೆರಡು ಪಠ್ಯಪುಸ್ತಕ ಸಿಗುತ್ತವೆ. ಅಮೆರಿಕದ ಪುಸ್ತಕಗಳೇ, ಒಳಗಿನ ಪಾಠ ಅದೇ. ಕಾಗದ ತೆಳು, ರಟ್ಟು ಮೆತ್ತಗೆ, ಮಾರಾಟ ಈ ಭಾಗದ ದೇಶಗಳಲ್ಲಿ ಮಾತ್ರ, ಬೆಲೆ ನಮ್ಮ ವಿದ್ಯಾರ್ಥಿಗಳು ಕೊಡಬಹುದಾದಷ್ಟು. ನಮ್ಮಣ್ಣ ಅಂಥ ಪುಸ್ತಕಗಳನ್ನೇ ಓದಿ ಎಂಜಿನಿಯರ್ ಆದ. ಲೇಖಕರಿಗೆ ಗೌರವಧನ ಹೋಗುತ್ತಿತ್ತು, ಓದುವವರ ಕೈಗೆ ಪುಸ್ತಕ ಬರುತ್ತಿತ್ತು. ಆಟದ ಪುಸ್ತಕಕ್ಕೆ ಅದು ಆಗದು ಎನ್ನಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

2024ರ ಹೊಸ ಹ್ಯಾಂಡ್‌ಬುಕ್ ಕೊಳ್ಳಬೇಕೇ ಎಂದು ಕೇಳುವವರಿಗೆ: ಹಳೆಯದು ಇರುವವರು ಅವಸರ ಮಾಡಬೇಡಿ. ಹೊಸದಾಗಿ ಆಡಲು ಹೊರಟವರು ಮೊದಲು ಎಸ್‌ಆರ್‌ಡಿ ಮುದ್ರಿಸಿಕೊಂಡು ನಾಲ್ಕಾರು ತಿಂಗಳು ಆಡಿ, ಆಟ ಕೈಹತ್ತಿದರೆ ಎಲ್ಲರೂ ಸೇರಿ ಹಣ ಹಾಕಿ ಒಂದು ಅಸಲಿ ಪ್ರತಿ ಕೊಳ್ಳಿ. ಅರ್ಧ ಬೆಲೆಗೆ ಸಿಗುವ ಹೊಸ ಪ್ರತಿಯ ಹತ್ತಿರ ಹೋಗಬೇಡಿ. ನಾನಂತೂ ಹೊಸದನ್ನು ಕೊಂಡಿಲ್ಲ. ಕಪ್ಪುಬಿಳುಪಿನಲ್ಲಿ, ಮೆತ್ತನೆಯ ರಟ್ಟಿನಲ್ಲಿ ಅದೇ ಪುಸ್ತಕ ಎಂಟುನೂರು ರೂಪಾಯಿಗೆ ಬಂದ ದಿನ ಐದು ಪ್ರತಿ ಕೊಳ್ಳುತ್ತೇನೆ. ಅದಕ್ಕೆ ಬೇಕಾದ ಖಾಕಿ ಕಾಗದ ಈಗಾಗಲೇ ಮನೆಯಲ್ಲಿದೆ.