ಟ್ರಯಂಫ್ ಟಿಆರ್ 6 ಡಿಫರೆನ್ಷಿಯಲ್‌ಗೆ ಪಾಲಿಯುರೆಥೇನ್ ಬುಷ್ ಸೆಟ್
ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಚಾಸಿಗೆ ಕೂರುವಲ್ಲಿ ಮೆತ್ತೆಯಂತೆ ಹಾಕುವ ಈ ಬುಷ್ ಗಟ್ಟಿಮುಟ್ಟಾಗಿದೆ, ಎಣ್ಣೆ ತಾಗಿದರೂ ರಬ್ಬರಿನಂತೆ ಉಬ್ಬಿ ಮೆತ್ತಗಾಗುವುದಿಲ್ಲ. ಆದರೆ 1968–76ರ ಈ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಕ್ಲಚ್ ಬಿಟ್ಟಾಗ ಹಿಂದಿನಿಂದ 'ಠಕ್' ಎಂದರೆ ಬುಷ್ ಒಂದನ್ನೇ ದೂರಬೇಡಿ. ಡಿಫರೆನ್ಷಿಯಲ್ ಇಳಿಸಿದ ಮೇಲೆ ಚಾಸಿಯಲ್ಲಿ ಅದನ್ನು ಹಿಡಿಯುವ ಮುಂದಿನ ಮೌಂಟ್ ಪಿನ್‌ಗಳ ಬುಡವನ್ನು ವೈರ್ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಬಲಗಡೆಯೇ ಹೆಚ್ಚು. ಅದಕ್ಕೆ ವೆಲ್ಡಿಂಗ್ ಮಾಡಿಸಿ, ಬ್ರಾಕೆಟ್ಟಿಗೆ ತಗಡು ಕೂಡಿಸಿ ಬಲಪಡಿಸದೆ ಹೊಸ ಬುಷ್ ಹಾಕಿದರೆ ದುಡ್ಡು ದಂಡ.

ಬಿಚ್ಚುವಾಗ ಎಕ್ಸಾಸ್ಟ್, ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್, ಚಕ್ರಗಳಿಗೆ ಹೋಗುವ ಎರಡೂ ಡ್ರೈವ್ ಶಾಫ್ಟ್, ಆಮೇಲೆ ನಾಲ್ಕು ಮೌಂಟ್. ಶಾಫ್ಟ್‌ಗಳನ್ನು ಬೋಲ್ಟ್‌ನಿಂದ ಕೂಡಿಸುವ ಫ್ಲೇಂಜ್‌ಗಳಿಗೆ ಮೊದಲೇ ಗುರುತು ಹಾಕಿ. ಮೌಂಟ್ ನಟ್ ಸಡಿಲಿಸುವ ಮುನ್ನ ಕೆಳಗೆ ಜಾಕ್ ಕೊಡಿ, ಭಾರ ಚೆನ್ನಾಗಿಯೇ ಇದೆ. ಕೂರಿಸುವಾಗ ಹೊಸ ನೈಲಾಕ್ ನಟ್ (ತಾನಾಗಿ ಸಡಿಲವಾಗದ ನಟ್), ಫಿಲ್ಲರ್ ತೂತಿನ ಅಂಚಿನವರೆಗೆ ಇಪಿ 90 ಗೇರ್ ಎಣ್ಣೆ.

ಈ ಬುಷ್ ಹಾಕಿದರೆ ಗೇರಿನ ಸದ್ದು ಕಾರಿನೊಳಗೆ ತುಸು ಜಾಸ್ತಿ ಕೇಳುತ್ತದೆ. ನಿಧಾನವಾಗಿ ಓಡಿಸುವವರಿಗೆ ರಬ್ಬರ್ ಬುಷ್ಷೇ ಒಳ್ಳೆಯದು.